ಅಗಸೆನಾರಿನ ಕೈಚೀಲ: ಲಾಳಿಗಿಂತ ಮೊದಲು ಲೆಕ್ಕ

ಬೀದರ್ ಜಿಲ್ಲೆಯ ಬಸವಕಲ್ಯಾಣ, ಮಂಠಾಳ, ಹುಮನಾಬಾದ್ ಕಡೆಯವರಿಗೆ ಅಗಸೆಯನ್ನು ಪರಿಚಯಿಸಬೇಕಾಗಿಲ್ಲ. ಹಿಂಗಾರಿನಲ್ಲಿ ಜೋಳ, ಕಡಲೆ, ಕುಸುಬೆಗಳ ಜೊತೆ ಎರೆಹೊಲದಲ್ಲಿ ಬೆಳೆಯುವ ಗಿಡ ಇದು. ನೀಲಿ ಹೂ ಬೆಳಿಗ್ಗೆ ಅರಳಿದರೆ ಬಿಸಿಲೇರುವ ಹೊತ್ತಿಗೆ ಎಸಳು ಉದುರಿಸುತ್ತದೆ. ಕಾಳು ಗಾಣಕ್ಕೆ ಹೋಗಿ ಎಣ್ಣೆಯಾಗುತ್ತದೆ, ಮನೆಗೆ ಬಂದರೆ ಹುರಿದು ಕುಟ್ಟಿದ ಹಿಂಡಿಯಾಗಿ ರೊಟ್ಟಿಯ ಪಕ್ಕ ಕೂರುತ್ತದೆ. ಕಡ್ಡಿಯನ್ನು ಮಾತ್ರ ಯಾರೂ ಕೇಳುವುದಿಲ್ಲ. ಆದರೆ ಲಿನನ್ ಬಟ್ಟೆ ಹುಟ್ಟುವುದು ಇದೇ ಜಾತಿಯ ಗಿಡದ ಕಡ್ಡಿಯಿಂದ. ಜಾರ್ಜಿಯಾ ದೇಶದ ಜುಜುವಾನಾ ಗುಹೆಯಲ್ಲಿ ಸಿಕ್ಕ ಕಾಡು ಅಗಸೆಯ ನಾರಿನ ಎಳೆಗಳು ಸುಮಾರು 30,000 ವರ್ಷ ಹಳೆಯವು, ಅವುಗಳಲ್ಲಿ ಕೆಲವಕ್ಕೆ ಬಣ್ಣವನ್ನೂ ಹಾಕಲಾಗಿತ್ತು. ಈಜಿಪ್ಟಿನ ತಾರ್ಖಾನ್‌ನಲ್ಲಿ ಸಿಕ್ಕ ಲಿನನ್ ಅಂಗಿ 5,000 ವರ್ಷ ದಾಟಿದೆ, ನೆರಿಗೆಗಳ ಸಮೇತ ಇಂದಿಗೂ ಲಂಡನ್ನಿನ ಪೆಟ್ರಿ ಮ್ಯೂಸಿಯಂನಲ್ಲಿದೆ.

ಇಷ್ಟು ಬಾಳುವ ನಾರಿನಿಂದ ದಿನಬಳಕೆಯ ಒಂದು ಕೈಚೀಲಕ್ಕೆ ಬಟ್ಟೆ ನೇಯುವುದು ಹೇಗೆ ಎಂಬುದನ್ನು ಇಲ್ಲಿ ವಿವರಿಸುತ್ತೇನೆ. ಅಂಗಡಿಯಿಂದ ಥಾನು ತಂದು ಕತ್ತರಿಸಿ ಹೊಲಿದ ಚೀಲ ಬೇರೆ. ಚೀಲಕ್ಕೆಂದೇ ನೇಯುವಾಗ ಕತ್ತರಿ ಎಲ್ಲಿ ಆಡಬೇಕು, ಭಾರ ಎಲ್ಲಿ ಬೀಳುತ್ತದೆ, ಅಂಚು ಎಲ್ಲಿ ಕೂಡಬೇಕು ಎಂಬುದೆಲ್ಲ ಮೊದಲ ಎಳೆ ಹಾಸುವ ಮುನ್ನವೇ ತೀರ್ಮಾನವಾಗಿರಬೇಕು. ಈ ಕಸುಬಿನಲ್ಲಿ ನನಗೆ ಅತಿ ಹೆಚ್ಚು ಗೌರವ ಹುಟ್ಟಿಸುವುದು ಆ ಮುಂಗಾಣ್ಕೆಯೇ.

ಕಡ್ಡಿಯಿಂದ ನೂಲಿಗೆ

ನಮ್ಮ ಹೊಲದ ಅಗಸೆ ಮೊಣಕಾಲೆತ್ತರಕ್ಕೆ ಬೆಳೆದು ಕವಲೊಡೆಯುತ್ತದೆ. ಕವಲು ಹೆಚ್ಚಿದಷ್ಟೂ ಕಾಯಿ ಹೆಚ್ಚು, ಎಣ್ಣೆ ಹೆಚ್ಚು. ನಾರಿಗೆ ಬೇಕಾದ ತಳಿ ಎದೆಮಟ್ಟ ನೇರವಾಗಿ ಏಳುವಂಥದ್ದು. ಕವಲೊಡೆಯಲು ಜಾಗವೇ ಸಿಗದಂತೆ ಅದನ್ನು ಒತ್ತಾಗಿ ಬಿತ್ತುತ್ತಾರೆ. ಸುಮಾರು 100 ದಿನಗಳಿಗೆ ಗಿಡ ಹಳದಿಗೆ ತಿರುಗಿದಾಗ ಕೊಯ್ಯುವುದಿಲ್ಲ, ಬೇರುಸಮೇತ ಕೀಳುತ್ತಾರೆ. ನಾರು ಬುಡದಿಂದ ತುದಿಯವರೆಗೂ ಹಬ್ಬಿರುವುದರಿಂದ ಕುಡುಗೋಲು ತಾಗಿದಷ್ಟೂ ಉದ್ದ ನಷ್ಟ. ಜಗತ್ತಿನಲ್ಲಿ ನಾರಿನ ಅಗಸೆಯನ್ನು ಅತಿ ಹೆಚ್ಚು ಬೆಳೆಯುವ ದೇಶ ಫ್ರಾನ್ಸ್. ನಮ್ಮಲ್ಲಿ ಪಶ್ಚಿಮ ಬಂಗಾಳದ ಬ್ಯಾರಕ್‌ಪುರದಲ್ಲಿರುವ ಸೆಣಬು ಸಂಶೋಧನಾ ಸಂಸ್ಥೆ ನಾರಿನ ಅಗಸೆಯ ಮೇಲೂ ಕೆಲಸ ಮಾಡುತ್ತದೆ. ಅದೇ ರಾಜ್ಯದ ರಿಶ್ರಾದ ಜಯಶ್ರೀ ಟೆಕ್ಸ್‌ಟೈಲ್ಸ್ ಲಿನನ್ ನೂಲಿನ ದೊಡ್ಡ ಗಿರಣಿ.

ಕಡ್ಡಿಯಿಂದ ನಾರು ಬಿಡಿಸುವ ಕೆಲಸ ಕಲ್ಯಾಣ ಕರ್ನಾಟಕದ ರೈತರಿಗೆ ಕೂಡಲೇ ಅರ್ಥವಾಗುತ್ತದೆ. ಪುಂಡಿಯ ಎಲೆ ಪಲ್ಯಕ್ಕೆ ಹೋದ ಮೇಲೆ ಅದರ ಕಟ್ಟಿಗೆಯನ್ನು ಹಳ್ಳದ ನೀರಿನಲ್ಲಿ ಕೊಳೆಹಾಕಿ, ಸಿಪ್ಪೆ ಸುಲಿದು, ಹಗ್ಗ ಹೊಸೆಯುವುದನ್ನು ಇಲ್ಲಿನ ಹಿರಿಯರು ಬಲ್ಲರು. ಅಗಸೆಗೂ ಅದೇ ವಿದ್ಯೆ. ನೀರಿನಲ್ಲಿ, ಇಲ್ಲವೇ ಹೊಲದಲ್ಲೇ ವಾರಗಟ್ಟಲೆ ಇಬ್ಬನಿಗೆ ಹರಡಿದರೆ, ನಾರನ್ನು ಕಡ್ಡಿಗೆ ಅಂಟಿಸಿದ್ದ ಅಂಟನ್ನು ಸೂಕ್ಷ್ಮಜೀವಿಗಳು ತಿಂದು ಸಡಿಲಿಸುತ್ತವೆ. ಕೊಳೆತದ್ದು ಕಡಿಮೆಯಾದರೆ ನಾರು ಬಿಡುವುದಿಲ್ಲ, ಹೆಚ್ಚಾದರೆ ನಾರೇ ಸಾಯುತ್ತದೆ. ಒಣಗಿದ ಕಡ್ಡಿಯನ್ನು ಜಜ್ಜಿ, ಕಡ್ಡಿಯ ಚೂರು ಉದುರಿಸಿ, ಮೊಳೆಗಳ ಬಾಚಣಿಗೆಯಲ್ಲಿ ಬಾಚಿದಾಗ ಉದ್ದನೆಯ ನಾರು ಕೈಯಲ್ಲಿ ಉಳಿಯುತ್ತದೆ, ತುಂಡು ನಾರು ಬಾಚಣಿಗೆಯಲ್ಲಿ. ಉದ್ದನಾರಿನಿಂದ ನಯವಾದ, ಹೊಳಪಿನ ನೂಲು ಬರುತ್ತದೆ. ತುಂಡುನಾರಿನದು ಗಂಟುಗಂಟಾದ ಒರಟು ನೂಲು. ಚೀಲದ ಹಾಸಿಗೆ, ಅಂದರೆ ಮಗ್ಗದ ಉದ್ದಕ್ಕೂ ಬಿಗಿಯುವ ಎಳೆಗಳಿಗೆ, ಉದ್ದನಾರಿನ ನೂಲನ್ನೇ ಆರಿಸಬೇಕು. ಅಡ್ಡ ನೇಯುವ ಹೊಕ್ಕಿಗೆ ಒರಟು ನೂಲು ಬಂದರೆ ಬಟ್ಟೆಗೆ ಮೈ ಬರುತ್ತದೆ, ಹಿಡಿತ ಸಿಗುತ್ತದೆ.

ಕಾಗದದ ಮೇಲೆ

ಈಗ ಚೀಲದ ಲೆಕ್ಕ. 14 ಇಂಚು ಅಗಲ, 15 ಇಂಚು ಎತ್ತರ, ಡಬ್ಬಿ ಮತ್ತು ಪುಸ್ತಕ ನೆಟ್ಟಗೆ ಕೂರಲು ತಳದಲ್ಲಿ 4 ಇಂಚು ಹರವು ಇರುವ ಚೀಲ ಎಂದಿಟ್ಟುಕೊಳ್ಳೋಣ. ಮುಂಭಾಗ, ತಳ, ಹಿಂಭಾಗ ಮೂರೂ ಒಂದೇ ತುಂಡು. ಎತ್ತರ ಎರಡು ಬಾರಿ 30, ತಳಕ್ಕೆ 4, ಬಾಯಿಯ ಎರಡೂ ಕಡೆ ಮಡಚಲು ಒಂದೂವರೆಯಂತೆ 3, ಒಟ್ಟು 37 ಇಂಚು ಉದ್ದ. ಅಗಲಕ್ಕೆ 14, ತಳದ ಹರವಿಗೆ 4, ಹೊಲಿಗೆಗೆ 1, ಒಟ್ಟು 19 ಇಂಚು. ಹಿಡಿಕೆಗಳಿಗೆ 26 ಇಂಚು ಉದ್ದ, 4 ಇಂಚು ಅಗಲದ ಎರಡು ಪಟ್ಟಿ ಬೇಕು. ಆ 26 ಇಂಚಿನಲ್ಲಿ ಉಳಿಯುವ ಬಟ್ಟೆ ಒಳಜೇಬಿಗೆ, ಹಿಡಿಕೆ ಕೂಡುವಲ್ಲಿ ಒತ್ತು ಕೊಡುವ ತುಂಡುಗಳಿಗೆ ಸರಿಹೋಗುತ್ತದೆ. ಅಲ್ಲಿಗೆ ಒಂದು ಚೀಲಕ್ಕೆ 63 ಇಂಚು ಸಿದ್ಧ ಬಟ್ಟೆ.

ಸಿದ್ಧ ಬಟ್ಟೆ ಬೇರೆ, ಮಗ್ಗದ ಮೇಲಿನ ಬಟ್ಟೆ ಬೇರೆ. ನೇಯುವಾಗ ಎಳೆಗಳು ಒಂದನ್ನೊಂದು ಏರಿ ಇಳಿಯುವುದರಿಂದ ಸ್ವಲ್ಪ ಉದ್ದ ಕರಗುತ್ತದೆ, ಮೊದಲ ತೊಳೆತದಲ್ಲಿ ಇನ್ನಷ್ಟು. ಎರಡಕ್ಕೂ ಸೇರಿ ನೂರಕ್ಕೆ ಹತ್ತು ಹಿಡಿದರೆ ನೇಯಬೇಕಾದದ್ದು 70 ಇಂಚು, ಹಾಸಿನ ಎಳೆಗಳನ್ನು ಬಿಡಿಸಿ ಹಿಡಿಯುವ ಫಣಿಯಲ್ಲಿ ಅಗಲ 21 ಇಂಚು. ಹಾಸಿನ ಮೊದಲಲ್ಲಿ ಕಟ್ಟಲು, ಕೊನೆಯಲ್ಲಿ ನೇಯಲಾಗದೆ ಉಳಿಯಲು ಮುಕ್ಕಾಲು ಗಜ ಬಿಟ್ಟರೆ ಹಾಸಿನ ಉದ್ದ ಸುಮಾರು ಎರಡೂ ಮುಕ್ಕಾಲು ಗಜ. ಆ ಮುಕ್ಕಾಲು ಗಜ ಒಂದು ಚೀಲ ನೇಯ್ದರೂ ವ್ಯರ್ಥವೇ, ಹತ್ತು ನೇಯ್ದರೂ ಅಷ್ಟೇ ವ್ಯರ್ಥ. ನೇಕಾರರು ಒಂದೇ ಹಾಸಿನಲ್ಲಿ ಹಲವು ಚೀಲಗಳ ಬಟ್ಟೆ ತೆಗೆಯುವುದಕ್ಕೆ ಇದೇ ಕಾರಣ.

ನೂಲಿನ ದಪ್ಪಕ್ಕೆ ಬರೋಣ. ಲಿನನ್ನಿನ ನಂಬರು ಹತ್ತಿಯ ನಂಬರಿನಂತಲ್ಲ. ಒಂದು ಪೌಂಡ್ ತೂಕದಲ್ಲಿ 300 ಗಜದ ಎಷ್ಟು ಲಡಿಗಳಿವೆ ಎಂಬುದು ಲಿನನ್ ನಂಬರು. ಹತ್ತಿಯ ಲಡಿ 840 ಗಜದ್ದು. ಹಾಗಾಗಿ 16ನೇ ನಂಬರಿನ ಎರಡೆಳೆ ಹುರಿ ಮಾಡಿದ ಲಿನನ್ ನೂಲು ಪೌಂಡಿಗೆ 2,400 ಗಜ ಬರುತ್ತದೆ. ಚೀಲಕ್ಕೆ ಇದು ಒಪ್ಪುವ ದಪ್ಪ. ಇಂಚಿಗೆ 20 ಎಳೆಯಂತೆ 21 ಇಂಚಿಗೆ 420 ಎಳೆ ಹಾಸು, ಅಷ್ಟೇ ಒತ್ತಾಗಿ ಇಂಚಿಗೆ 20 ಹೊಕ್ಕು. ಹಾಸಿಗೆ ಸುಮಾರು 1,155 ಗಜ, ಹೊಕ್ಕಿಗೆ 820 ಗಜ. ಎರಡೂ ಸೇರಿ 370 ಗ್ರಾಂ ಚಿಲ್ಲರೆ ನೂಲು.

ವಿನ್ಯಾಸದಲ್ಲಿ ಒಂದು ಸೂಕ್ಷ್ಮವಿದೆ. ಬಟ್ಟೆ ತಳದಲ್ಲಿ ಮಡಚಿಕೊಳ್ಳುವುದರಿಂದ ಹಾಸಿನಲ್ಲಿ ಹಾಕಿದ ಪಟ್ಟೆ ಚೀಲದ ಎರಡೂ ಮುಖದಲ್ಲಿ ನೆಟ್ಟಗೆ ನಿಲ್ಲುತ್ತದೆ. ಹೊಕ್ಕಿನಲ್ಲಿ ಬರುವ ಗೋಪುರದಂಥ ಆಕೃತಿ ಮುಂಭಾಗದಲ್ಲಿ ಸರಿಯಾಗಿ ಕಂಡರೆ ಹಿಂಭಾಗದಲ್ಲಿ ತಲೆಕೆಳಗಾಗುತ್ತದೆ. ಆದ್ದರಿಂದ ಮಗ್ಗದ ಮೇಲೆ ಇಪ್ಪತ್ತೂವರೆ ಇಂಚು ನೇಯ್ದು ತಳದ ನಡುವಿಗೆ ಬಂದೊಡನೆ ಆಕೃತಿಯನ್ನು ತಿರುಗಿಸಿ ನೇಯಬೇಕು. ಅಂಚಿನ ಮಾದರಿಗೆ ನಾವು ದೂರ ಹೋಗಬೇಕಾಗಿಲ್ಲ. ಇಳಕಲ್ಲಿನ ಗೋಮಿ, ಚಿಕ್ಕಿ ಪರಾಸು ದಡಿಗಳಿವೆ, ಗಜೇಂದ್ರಗಡದ ಪಟ್ಟೇದಂಚಿನ ಚೌಕುಳಿಗಳಿವೆ, ಗುಳೇದಗುಡ್ಡದ ಖಣದ ಸಣ್ಣ ಬುಟ್ಟಾಗಳಿವೆ. ಬೀದರ್ ಜಿಲ್ಲೆಯವರಿಗೆ ಬಿದರಿ ಕಲೆಯೇ ಪಾಠ. ಕಪ್ಪು ನೆಲದಲ್ಲಿ ಬೆಳ್ಳಿಯ ತೆಳುಗೆರೆ ಎಷ್ಟಿದ್ದರೆ ಸಾಕು ಎಂಬ ಅಳತೆ ಅಲ್ಲಿದೆ. ಬಣ್ಣ ಹಾಕದ ಲಿನನ್ನಿನ ಬೂದುಬಣ್ಣಕ್ಕೆ ಒಂದೆರಡು ಕಪ್ಪು ಗೆರೆ ಹಾಗೆಯೇ ಒಪ್ಪುತ್ತದೆ. ಬಣ್ಣ ಬೇಕೆನ್ನುವವರು ಸಾಗರ ತಾಲ್ಲೂಕಿನ ಚರಕ ಸಂಸ್ಥೆಯ ಕೈಮಗ್ಗದ ಬಟ್ಟೆಗಳನ್ನು ನೋಡಬೇಕು. ಅಡಿಕೆ ಚೊಗರಿನಂಥ ಸಹಜ ಬಣ್ಣಗಳಲ್ಲಿ ಅವರು ಮಾಡಿದ ಕೆಲಸ ಹತ್ತಿಯ ಮೇಲಾದರೂ ಅದರ ಅರಿವು ಲಿನನ್ನಿಗೂ ಬೇಕು. ಅಗಸೆನಾರು ಬಣ್ಣವನ್ನು ಸುಲಭವಾಗಿ ಹೀರುವುದಿಲ್ಲ. ಅಳಲೆಕಾಯಿಯ ಒಗರು, ಆಮೇಲೆ ಪಟಿಕ, ಆಮೇಲೆ ಬಣ್ಣ, ಈ ಕ್ರಮ ತಪ್ಪಬಾರದು.

ಮಗ್ಗದ ಮೇಲೆ

ಲಿನನ್ನಿನ ಗುಣ ಮಗ್ಗಕ್ಕೇರಿದ ಮೇಲೆ ಗೊತ್ತಾಗುತ್ತದೆ. ಹತ್ತಿಯ ಎಳೆ ಕಡಿಯುವ ಮುನ್ನ ತನ್ನ ಉದ್ದದ ನೂರಕ್ಕೆ ಆರೇಳರಷ್ಟು ಹಿಗ್ಗುತ್ತದೆ, ಅಗಸೆನಾರು ಎರಡು ಮೂರರಷ್ಟೇ. ಹಾಸಿನಲ್ಲಿ ಒಂದು ಎಳೆ ತುಸು ಸಡಿಲವಾಗಿದ್ದರೆ ಹತ್ತಿಯಲ್ಲಿ ಉಳಿದ ಎಳೆಗಳು ಹಿಗ್ಗಿ ಅದನ್ನು ಸರಿದೂಗಿಸುತ್ತವೆ. ಲಿನನ್ನಿನಲ್ಲಿ ಸಡಿಲವಾದದ್ದು ಕೊನೆಯವರೆಗೂ ಸಡಿಲವೇ, ಬಿಗಿಯಾದದ್ದು ಕಡಿಯುತ್ತದೆ. ಹಾಗಾಗಿ ಹಾಸನ್ನು ದಿಂಡಿಗೆ ಸುತ್ತುವಾಗ ಪ್ರತಿ ಸುತ್ತಿಗೂ ನಡುವೆ ದಪ್ಪ ಕಾಗದ ಕೊಟ್ಟು, 420 ಎಳೆಗೂ ಒಂದೇ ಬಿಗಿ ಸಿಗುವಂತೆ ನೋಡಿಕೊಳ್ಳಬೇಕು. ನುರಿತ ನೇಕಾರರು ಅಂಗೈಯನ್ನು ಹಾಸಿನ ಮೇಲೆ ಈ ಅಂಚಿನಿಂದ ಆ ಅಂಚಿಗೆ ಹಗುರಾಗಿ ಆಡಿಸುತ್ತಾರೆ. ಕಣ್ಣಿಗೆ ಕಾಣದ ಸಡಿಲ ಅಂಗೈಗೆ ತಿಳಿಯುತ್ತದೆ, ಅಲ್ಲಿ ಕಟ್ಟು ಬಿಚ್ಚಿ ಮತ್ತೆ ಕಟ್ಟುತ್ತಾರೆ. ಇದಕ್ಕೆ ಒಂದು ಇಡೀ ಮಧ್ಯಾಹ್ನ ಹೋದರೂ ಅದು ನಷ್ಟದ ಸಮಯವಲ್ಲ.

ಇನ್ನೊಂದು ತೊಡಕು ಒಣಹವೆ. ತೇವ ಸಿಕ್ಕರೆ ಲಿನನ್ ಗಟ್ಟಿಯಾಗುತ್ತದೆ, ಒಣಗಿದರೆ ಮೇಲಿನ ನಾರು ಎದ್ದು ಫಣಿಯ ಹಲ್ಲಿಗೆ ಉಜ್ಜಿ ಕಡಿಯುತ್ತದೆ. ಯುರೋಪಿನ ಲಿನನ್ ನೇಕಾರರು ತೇವದ ನೆಲಮಾಳಿಗೆಗಳಲ್ಲಿ ಮಗ್ಗ ಹೂಡುತ್ತಿದ್ದದ್ದು ಅದಕ್ಕೇ. ನಮ್ಮ ಕುಣಿಮಗ್ಗವೂ ನೆಲಕ್ಕೆ ಹತ್ತಿಕೊಂಡೇ ಕೂರುತ್ತದೆ. ಕುಣಿಯ ತಂಪು ಹಾಸಿಗೆ ತಾಗುತ್ತದೆ. ಬೀದರಿನ ಬೇಸಗೆಯಲ್ಲಿ ಅಷ್ಟು ಸಾಲದು, ಹೊಕ್ಕಿನ ನೂಲು ಸುತ್ತಿದ ಕಂಡಿಕೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ಹೊಕ್ಕನ್ನು ತೇವವಾಗಿಯೇ ಹಾಕಬೇಕು.

ಎದ್ದ ನಾರನ್ನು ಕೂರಿಸುವ ಗಂಜಿಯ ವಿಷಯ ಕೇಳಿದರೆ ಮಂಠಾಳದ ಯಾವ ತಾಯಿಗಾದರೂ ಸಂತೋಷವಾದೀತು. ಲಿನನ್ ಹಾಸಿಗೆ ಕೈಮಗ್ಗದವರು ಇಷ್ಟಪಡುವ ಗಂಜಿ ಅಗಸೆಕಾಳಿನದೇ. ಒಂದು ಹಿಡಿ ಅಗಸೆಯನ್ನು ನೀರಿನಲ್ಲಿ ಕುದಿಸಿದರೆ ಲೋಳೆ ಬಿಡುತ್ತದೆ. ಆರಿದ ಮೇಲೆ ಸೋಸಲು ಬರುವುದಿಲ್ಲ, ಬಿಸಿಯಿರುವಾಗಲೇ ಸೋಸಬೇಕು. ಆ ಲೋಳೆಯನ್ನು ತೆಳ್ಳಗೆ ಹಾಸಿನ ಮೇಲೆ ಸವರಿ, ಎಳೆಗಳು ಒಂದಕ್ಕೊಂದು ಅಂಟದಂತೆ ಹಾಸನ್ನು ಬಾಯಿ ತೆರೆದಿಟ್ಟು ಒಣಗಿಸುತ್ತಾರೆ. ಗಿಡದ ಕಡ್ಡಿ ನೂಲಾಗಿ ಮಗ್ಗದ ಮೇಲಿದ್ದರೆ ಅದೇ ಗಿಡದ ಕಾಳು ಆ ನೂಲನ್ನು ಕಾಯುತ್ತದೆ. ನಾರಿನ ತಳಿ ನಮ್ಮ ಹೊಲದಲ್ಲಿಲ್ಲದಿದ್ದರೂ ಗಂಜಿಯ ಕಾಳಂತೂ ನಮ್ಮ ಅಡುಗೆಮನೆಯಲ್ಲೇ ಇದೆ.

ನೇಯ್ಗೆಯಲ್ಲಿ ಅವಸರ ಸಲ್ಲದು. ಲಾಳಿ ದಾಟಿದ ಮೇಲೆ ಹೊಕ್ಕು ತುಸು ಓರೆಯಾಗಿ ಕೂರಬೇಕು, ಬಿಗಿಯಾಗಿ ಎಳೆದರೆ ಅಂಚು ಒಳಕ್ಕೆ ಸರಿದು ಅಂಚಿನೆಳೆ ಕಡಿಯುತ್ತದೆ. ಕಾಲು ಬದಲಿಸಿ ಹಾಸಿನ ಎಳೆಗಳು ಮೇಲೆ ಕೆಳಗೆ ಅದಲುಬದಲಾದ ಮೇಲೆ ಫಣಿಯಿಂದ ಗಟ್ಟಿಯಾಗಿ ಬಡಿಯಬೇಕು. ಬಟ್ಟೆಯನ್ನು ಒಂದೆರಡು ಇಂಚಿಗೊಮ್ಮೆ ಮುಂದಕ್ಕೆ ಸುತ್ತುತ್ತಿದ್ದರೆ ಬಿಗಿ ಒಂದೇ ಸಮ ಇರುತ್ತದೆ. ಚೀಲದ ತುಂಡು ಮುಗಿದಲ್ಲಿ ಬೇರೆ ಬಣ್ಣದ ಎರಡು ಹೊಕ್ಕು ಹಾಕಿ ಗುರುತು ಮಾಡುತ್ತಾರೆ. ಕತ್ತರಿ ಆಡುವುದು ಆ ಎರಡು ಗೆರೆಗಳ ನಡುವೆ.

ಕತ್ತರಿ, ಸೂಜಿ

ಮಗ್ಗದಿಂದ ಇಳಿದ ಲಿನನ್ ರಟ್ಟಿನಂತೆ ಬಿರುಸು. ಬಿಸಿನೀರು, ಸಾಬೂನಿನಲ್ಲಿ ತೊಳೆದು ಗಂಜಿ ಬಿಡಿಸಿ, ಪೂರ್ತಿ ಒಣಗುವ ಮೊದಲೇ ಇಸ್ತ್ರಿ ಮಾಡಿದರೆ ಎಳೆಗಳು ಹರಡಿ ಸಂದು ಮುಚ್ಚುತ್ತವೆ, ಹೊಳಪು ಏಳುತ್ತದೆ. ತೊಳೆಯದೆ ಹೊಲಿದರೆ ಮುಂದೆ ಚೀಲವೇ ಕುಗ್ಗಿ ಹೊಲಿಗೆ ಸುಕ್ಕಾಗುತ್ತದೆ.

ಕಾಗದದ ಲೆಕ್ಕದ ಫಲ ಕಾಣುವುದು ಇಲ್ಲಿ. ನೇಯ್ದ ಅಗಲವೇ ಚೀಲದ ಅಗಲವಾದ್ದರಿಂದ ಪಕ್ಕದ ಹೊಲಿಗೆಯಲ್ಲಿ ಕೂಡುವುದು ಅಂಚಿಗೆ ಅಂಚು. ಕತ್ತರಿಸಿದ ಲಿನನ್ ಬೇಗ ಎಳೆ ಬಿಡುತ್ತದೆ, ಆದರೆ ನೇಯ್ದ ಅಂಚು ಎಂದಿಗೂ ಬಿಡುವುದಿಲ್ಲ. ಅಡ್ಡ ಕತ್ತರಿಸಿದ ಬಾಯಿಯ ಅಂಚು ಎರಡು ಮಡಿಕೆಯೊಳಗೆ ಮುಚ್ಚಿಹೋಗುತ್ತದೆ. ತಳದ ಎರಡು ಮೂಲೆಗಳನ್ನು ತ್ರಿಕೋನವಾಗಿ ಹಿಡಿದು 4 ಇಂಚು ಅಗಲದಲ್ಲಿ ಅಡ್ಡ ಹೊಲಿದರೆ ಚೀಲ ತನ್ನ ಪಾಡಿಗೆ ನಿಲ್ಲುತ್ತದೆ.

ಹಿಡಿಕೆಯ ಪಟ್ಟಿಯನ್ನು ಹಾಸಿನ ಉದ್ದಕ್ಕೇ ಕತ್ತರಿಸಬೇಕು. 4 ಇಂಚಿನ ಪಟ್ಟಿ ನಾಲ್ಕು ಪದರವಾಗಿ ಮಡಚಿ 1 ಇಂಚಿನ ಹಿಡಿಕೆಯಾಗುತ್ತದೆ. ಮಗ್ಗದ ಮೇಲೆ ಕಾಡಿದ ಹಿಗ್ಗದ ಗುಣ ಇಲ್ಲಿ ವರವಾಗುತ್ತದೆ. ಸಂತೆಯಿಂದ ಐದಾರು ಕಿಲೋ ಕಾಯಿಪಲ್ಯ ಹೊತ್ತು ಬಂದರೂ ಹಿಡಿಕೆ ಜೋಲುವುದಿಲ್ಲ, ಮಳೆಯಲ್ಲಿ ನೆನೆದರೆ ನಾರು ಇನ್ನಷ್ಟು ಗಟ್ಟಿಯಾಗುತ್ತದೆ. ಹಿಡಿಕೆ ಕೂಡುವಲ್ಲಿ ಒಳಗೆ ಒತ್ತುತುಂಡು ಇಟ್ಟು, ಚೌಕ ಹೊಲಿದು, ಅದರೊಳಗೆ ಮೂಲೆಯಿಂದ ಮೂಲೆಗೆ ಹೊಲಿಗೆ ಹಾಕುತ್ತಾರೆ. ಲಿನನ್ನಿಗೆ ಒಂದು ದೌರ್ಬಲ್ಯ ಉಂಟು. ಒಂದೇ ಜಾಗದಲ್ಲಿ ಮತ್ತೆಮತ್ತೆ ಮಡಚಿ ಒತ್ತಿದರೆ ನಾರು ಅಲ್ಲೇ ಮುರಿಯುತ್ತದೆ. ಚೀಲವನ್ನು ಗಡಸಾಗಿ ಇಸ್ತ್ರಿಮಡಿಕೆ ಮಾಡಿಡದೆ ಗೂಟಕ್ಕೆ ತೂಗುಹಾಕಿದರೆ ಬಹುಕಾಲ ಬಾಳುತ್ತದೆ.

ಕೊಳ್ಳುವವರು ನೋಡಬೇಕಾದದ್ದು

ಚೀಲವನ್ನು ಬೆಳಕಿಗೆ ಹಿಡಿಯಿರಿ, ಎಳೆಗಳ ಸಂದು ಎಲ್ಲೆಡೆ ಒಂದೇ ಸಮ ಇರಬೇಕು. ಒಳಗನ್ನು ಹೊರಗೆ ಮಾಡಿ ಪಕ್ಕದ ಹೊಲಿಗೆಯಲ್ಲಿ ನೇಯ್ದ ಅಂಚು ಇದೆಯೇ ಎಂದು ನೋಡಿ. ಹಿಂಬದಿಯ ಆಕೃತಿ ತಲೆಕೆಳಗಾಗಿಲ್ಲವಷ್ಟೇ? ಹಿಡಿಕೆಯ ಬುಡವನ್ನು ಎರಡು ಬೆರಳಲ್ಲಿ ಹಿಡಿದು ಜಗ್ಗಿ. ಇವೆಲ್ಲ ಸರಿಯಿದ್ದರೆ ಆ ಬಟ್ಟೆ ಚೀಲಕ್ಕೆಂದೇ ಹುಟ್ಟಿದ್ದು ಎಂದು ತಿಳಿಯಬಹುದು.

ಕಲ್ಯಾಣದ ಸೀಮೆಗೆ ನೂಲು, ಮಗ್ಗ ಬರಿ ಹೊಟ್ಟೆಪಾಡಿನ ಸಂಗತಿಯಾಗಿ ಎಂದೂ ಉಳಿದಿಲ್ಲ. ಸುರಪುರ ಸೀಮೆಯ ಮುದನೂರಿನ ಜೇಡರ ದಾಸಿಮಯ್ಯ ನೇಕಾರ, ಕದಿರ ರೆಮ್ಮವ್ವೆ ನೂಲುವವಳು. ಇಬ್ಬರೂ ವಚನಕಾರರು. ಕೈಯ ಕೆಲಸದೊಳಗೇ ಅರಿವಿದೆ ಎಂದು ಬದುಕಿ ತೋರಿಸಿದ ಪರಂಪರೆ ಇದು. ಕೈಮಗ್ಗದ ಚೀಲದ ಬೆಲೆ ಕೇಳಿ ನಾವು ಹಿಂಜರಿಯುವಾಗ ಆ ಅರಿವಿನ ಕೂಲಿಯನ್ನು ಲೆಕ್ಕಕ್ಕೆ ಹಿಡಿದಿರುವುದಿಲ್ಲ. ನೂಲಿಗೆ, ನೇಯ್ಗೆಯ ದಿನಗಳಿಗೆ ಬೆಲೆ ಕಟ್ಟಿದಂತೆಯೇ ಮಗ್ಗ ಹೂಡುವ ಮೊದಲು ಕಾಗದದ ಮೇಲೆ ಕಳೆದ ಹೊತ್ತಿಗೂ ಬೆಲೆ ಕಟ್ಟಬೇಕು. ಬೀದರ್ ಜಿಲ್ಲೆಯ ಯುವಕ ಯುವತಿಯರು ಈ ಕಸುಬಿಗೆ ಕೈಹಚ್ಚುವುದಾದರೆ ಮೊದಲು ಹತ್ತಿಯ ಹಾಸಿಗೆ ಲಿನನ್ ಹೊಕ್ಕು ಹಾಕಿ ಕಲಿಯಲಿ. ಹತ್ತಿ ಅವರ ತಪ್ಪುಗಳನ್ನು ತಾಳಿಕೊಳ್ಳುತ್ತದೆ. ಕೈಗೆ ಬಿಗಿಯ ಅಂದಾಜು ಸಿಕ್ಕ ಮೇಲೆ ಪೂರಾ ಲಿನನ್ ಹಾಸಿಗೆ ಇಳಿಯಬಹುದು.