ಬಿದ್ದಾಗ ಒತ್ತುವ ಗುಂಡಿ

ಹಿರಿಯರ ತುರ್ತು ಕರೆ ಸಾಧನವೆಂದರೆ ಕೊರಳಲ್ಲಿ ಪದಕದಂತೆ ತೂಗುವ ಅಥವಾ ಮಣಿಕಟ್ಟಿಗೆ ಕಟ್ಟಿಕೊಳ್ಳುವ ಒಂದು ಗುಂಡಿ. ಮನೆಯಲ್ಲಿ ಒಬ್ಬರೇ ಇದ್ದಾಗ ಜಾರಿ ಬಿದ್ದರೆ, ಎದೆನೋವು ಕಾಣಿಸಿಕೊಂಡರೆ, ಫೋನಿನವರೆಗೆ ಹೋಗಲು ಆಗದಿದ್ದರೆ ಅದನ್ನು ಒತ್ತಬೇಕು. ಮೊದಲೇ ಗೊತ್ತು ಮಾಡಿಟ್ಟವರಿಗೆ ಕರೆ ಹೋಗುತ್ತದೆ. ಈ ಉಪಾಯಕ್ಕೆ ಅರ್ಧ ಶತಮಾನ ದಾಟಿದೆ. 1970ರ ದಶಕದ ಆರಂಭದಲ್ಲಿ ಜರ್ಮನಿಯ ವಿಲ್ಹೆಲ್ಮ್ ಹೋರ್ಮನ್ ಇಂಥ ವ್ಯವಸ್ಥೆ ರೂಪಿಸಿದರು. 1974ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಆಂಡ್ರ್ಯೂ ಡಿಬ್ನರ್ ಲೈಫ್‌ಲೈನ್ ಎಂಬ ಸಂಸ್ಥೆ ಕಟ್ಟಿ ಅದನ್ನು ಅಲ್ಲಿನ ಮನೆಗಳಿಗೆ ತಂದರು. ಮಕ್ಕಳು ಬೆಂಗಳೂರಿಗೋ ಹೊರದೇಶಕ್ಕೋ ಹೋಗಿ, ಊರಮನೆಯಲ್ಲಿ ಅಪ್ಪ ಅಮ್ಮ ಇಬ್ಬರೇ, ಕೊನೆಗೆ ಒಬ್ಬರೇ ಉಳಿಯುವುದು ಹೆಚ್ಚಾದ ಮೇಲೆ ಕರ್ನಾಟಕದಲ್ಲೂ ಇದರ ವಿಚಾರಣೆ ಶುರುವಾಗಿದೆ.

ಬೀಳುವುದಕ್ಕಿಂತ ಬಿದ್ದಲ್ಲೇ ಉಳಿಯುವುದು ಎಷ್ಟೋ ಸಲ ಹೆಚ್ಚು ಅಪಾಯಕಾರಿ. ಮೂಳೆ ಮುರಿಯದಿದ್ದರೂ ಎಪ್ಪತ್ತು ಎಂಬತ್ತು ದಾಟಿದವರಿಗೆ ನೆಲದಿಂದ ತಾವಾಗಿಯೇ ಏಳಲು ಆಗದಿರಬಹುದು. ಗಂಟೆಗಟ್ಟಲೆ ಒಂದೇ ಮಗ್ಗುಲಲ್ಲಿ ಬಿದ್ದಿದ್ದರೆ ದೇಹದ ಭಾರಕ್ಕೆ ಸಿಕ್ಕ ಸ್ನಾಯುಗಳು ನಶಿಸತೊಡಗುತ್ತವೆ. ಅವುಗಳಿಂದ ರಕ್ತಕ್ಕೆ ಸೇರುವ ಪ್ರೋಟೀನು ಮೂತ್ರಪಿಂಡಗಳನ್ನು ಕೆಡಿಸುತ್ತದೆ. ನೀರಿಲ್ಲದೆ ದೇಹ ಒಣಗುತ್ತದೆ, ಒತ್ತಿದ ಕಡೆ ಹುಣ್ಣಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ 6,84,000 ಜನ ಬಿದ್ದು ಸಾಯುತ್ತಾರೆ. ಅವರಲ್ಲಿ ಅರವತ್ತು ದಾಟಿದವರೇ ಹೆಚ್ಚು. ಬಿದ್ದ ಕ್ಷಣಕ್ಕೂ ಯಾರಾದರೂ ಬಂದು ಎತ್ತುವ ಕ್ಷಣಕ್ಕೂ ನಡುವಿನ ಹೊತ್ತನ್ನು ಕಿರಿದು ಮಾಡುವುದಷ್ಟೇ ಈ ಸಾಧನದ ಕೆಲಸ. ಬೀಳುವುದನ್ನು ಅದು ತಡೆಯದು. ಅದಕ್ಕೆ ಗೋಡೆಗೆ ಹಿಡಿಕೆ, ಜಾರದ ನೆಲ, ರಾತ್ರಿ ಉರಿಯುವ ಸಣ್ಣ ದೀಪ ಇವೇ ಬೇಕು.

ಸಾಧನ ಕೊಳ್ಳುವವರು ಮೊದಲು ತಿಳಿಯಬೇಕಾದ ಸಂಗತಿಯನ್ನು ಇಂಗ್ಲೆಂಡಿನ ಕೇಂಬ್ರಿಜ್‌ನ ಒಂದು ಅಧ್ಯಯನ 2008ರಲ್ಲಿ ಹೇಳಿತು. ತೊಂಬತ್ತು ದಾಟಿದವರನ್ನು ಗಮನಿಸಿದ ಆ ಅಧ್ಯಯನದಲ್ಲಿ, ಒಬ್ಬರೇ ಇದ್ದಾಗ ಬಿದ್ದು ಏಳಲಾಗದೆ ಹೋದ, ಕರೆಗುಂಡಿ ಇದ್ದವರಲ್ಲೇ ಶೇ. 80ರಷ್ಟು ಮಂದಿ ಅದನ್ನು ಬಳಸಿರಲಿಲ್ಲ. ಅದನ್ನು ಕಳಚಿಟ್ಟದ್ದು ಒಂದು ಕಾರಣವಾದರೆ, ಮೈಮೇಲೇ ಇದ್ದರೂ ಇನ್ನೊಬ್ಬರಿಗೇಕೆ ತೊಂದರೆ, ನಾನೇ ಏಳುತ್ತೇನೆ ಎಂಬ ಸಂಕೋಚ ಇನ್ನೊಂದು. ಈ ಸಂಕೋಚ ನಮ್ಮ ಮನೆಗಳಿಗೂ ಹೊಸದಲ್ಲ. ಮಕ್ಕಳು ತಾವೇ ತಂದು ಕೊರಳಿಗೆ ಹಾಕಿದ್ದು ವಾರದೊಳಗೆ ದೇವರ ಮನೆಯ ಮೊಳೆಗೋ ಟೀವಿಯ ಪಕ್ಕಕ್ಕೋ ಸೇರುತ್ತದೆ. ಯಾವುದು ಬೇಕು ಎಂದು ತೊಡುವವರನ್ನೇ ಕೇಳಿ ತಂದದ್ದು ಮೈಮೇಲೆ ಉಳಿಯುವ ಸಂಭವ ಹೆಚ್ಚು. ತಾಳಿ, ಸರ ಹಾಕಿ ರೂಢಿಯಿರುವವರಿಗೆ ಪದಕ ಭಾರವೆನಿಸದು. ಮನೆಯಲ್ಲಿ ಬನಿಯನ್ನಿನಲ್ಲೇ ಓಡಾಡುವ ಗಂಡಸರಿಗೆ ಮಣಿಕಟ್ಟಿನದು ಒಪ್ಪಿಗೆಯಾದೀತು. ಕೊರಳಿನದಾದರೆ ಎಲ್ಲಾದರೂ ಸಿಕ್ಕಿಕೊಂಡಾಗ ತಾನಾಗಿ ಬಿಚ್ಚಿಕೊಳ್ಳುವ ದಾರ ಇರಬೇಕು, ಇಲ್ಲವಾದರೆ ಅದೇ ಉರುಳಾಗುವ ಅಪಾಯವಿದೆ. ಪಾರ್ಶ್ವವಾಯುವಿನಿಂದ ಒಂದು ಕೈ ಸೋತಿದ್ದರೆ ಮಣಿಕಟ್ಟಿನ ಗುಂಡಿ ಆ ಸೋತ ಕೈಯಲ್ಲೇ ಇರಬೇಕು. ಒತ್ತಬೇಕಾದದ್ದು ಇನ್ನೊಂದು ಕೈ ತಾನೆ.

ಬಚ್ಚಲುಮನೆಯದು ಬೇರೆಯೇ ತೊಡಕು. ಸ್ನಾನಕ್ಕೆ ಹೋಗುವಾಗ ವಾಚು ಬಿಚ್ಚಿಡುವುದು ಎಲ್ಲರ ಅಭ್ಯಾಸ. ಮಡಿಯಲ್ಲಿ ಪೂಜೆ ಮುಗಿಯುವ ತನಕ ಕೆಲವರು ಅದನ್ನು ಮುಟ್ಟುವುದೂ ಇಲ್ಲ. ಹೆಚ್ಚು ಅಪಾಯವಿರುವ ಹೊತ್ತಿನಲ್ಲೇ ಸಾಧನ ಮೈಮೇಲಿಲ್ಲ ಎಂದಾಯಿತು. ಆದ್ದರಿಂದ ನೀರು ತಡೆಯುವ ಸಾಧನವನ್ನೇ ಆರಿಸಬೇಕು. ಪೆಟ್ಟಿಗೆಯ ಮೇಲೆ ಐಪಿ67 ಎಂದಿದ್ದರೆ ಒಂದು ಮೀಟರ್ ನೀರಿನಲ್ಲಿ ಮೂವತ್ತು ನಿಮಿಷ ತಾಳುತ್ತದೆಂದು ಅರ್ಥ. ಆ ಪರೀಕ್ಷೆ ನಡೆಯುವುದು ತಣ್ಣೀರಿನಲ್ಲಿ. ಹಂಡೆಯ ಬಿಸಿನೀರಿಗೆ, ಸೋಪಿಗೆ ಅದು ಖಾತರಿಯಲ್ಲ. ಇಷ್ಟಾಗಿಯೂ ಬಿಚ್ಚಿಡುವವರೇ ಆದರೆ ಬಚ್ಚಲಿನ ಗೋಡೆಗೆ, ನೆಲದಿಂದ ಒಂದು ಗೇಣು ಮೇಲೆ, ಬೇರೆ ಗುಂಡಿಯನ್ನೇ ಕೂರಿಸಬೇಕು. ಸ್ವಿಚ್ಚಿನ ಎತ್ತರದಲ್ಲಿ ಕೂರಿಸಿದರೆ ಬಿದ್ದವರ ಕೈಗೆ ಎಟುಕದು.

ಸಾಧನಗಳಲ್ಲಿ ಮುಖ್ಯವಾಗಿ ಮೂರು ಬಗೆ. ಹಳೆಯ ಬಗೆಯಲ್ಲಿ ಮನೆಯೊಳಗೆ ಒಂದು ಪೆಟ್ಟಿಗೆ ಇರುತ್ತದೆ. ಗುಂಡಿ ಅದಕ್ಕೆ ರೇಡಿಯೋ ಸಂಕೇತ ಕಳಿಸುತ್ತದೆ, ಪೆಟ್ಟಿಗೆ ಫೋನ್ ಮಾಡುತ್ತದೆ. ಗುಂಡಿಯ ಬ್ಯಾಟರಿ ವರ್ಷಗಟ್ಟಲೆ ಬಾಳುತ್ತದೆ, ಆದರೆ ಮನೆಯ ಅಂಗಳ ದಾಟಿದರೆ ಅದು ಕೆಲಸಕ್ಕಿಲ್ಲ. ಎರಡನೆಯದಕ್ಕೆ ಒಳಗೇ ಸಿಮ್ ಮತ್ತು ಜಿಪಿಎಸ್. ವಾಕಿಂಗು, ದೇವಸ್ಥಾನ, ಸಂತೆಗೆ ಹೋಗುವವರಿಗೆ ಇದೇ ಸರಿ, ಮರೆಯದೆ ಚಾರ್ಜು ಮಾಡುವುದಾದರೆ. ಮೂರನೆಯದು ಬಿದ್ದದ್ದನ್ನು ತಾನೇ ಗುರುತಿಸುವ ವಾಚು. ಆಪಲ್ ವಾಚಿಗೆ 2018ರಲ್ಲಿ ಈ ಸೌಲಭ್ಯ ಬಂತು. ಜೋರಾಗಿ ಬಿದ್ದವರು ಸುಮಾರು ಒಂದು ನಿಮಿಷ ಅಲುಗದಿದ್ದರೆ ಅದು ತುರ್ತು ಸಂಖ್ಯೆಗೆ ಕರೆ ಮಾಡುತ್ತದೆ. ಇಂಥವು ದೇಹದ ವೇಗ, ಅಪ್ಪಳಿಸಿದ ರಭಸ, ಆಮೇಲಿನ ನಿಶ್ಚಲತೆ ಇವನ್ನು ಅಳೆದು ನಿರ್ಧರಿಸುತ್ತವೆ. ಹಾಗಾಗಿ ತಲೆಸುತ್ತು ಬಂದು ಗೋಡೆಗೊರಗಿ ಮೆಲ್ಲಗೆ ಕುಸಿದರೆ ಅವಕ್ಕೆ ತಿಳಿಯದೆ ಹೋಗಬಹುದು; ಕಲ್ಲಿಗೆ ಬಟ್ಟೆ ಒಗೆದದ್ದನ್ನು ಬಿದ್ದದ್ದೆಂದು ಎಣಿಸಲೂಬಹುದು. ತಾನೇ ಗುರುತಿಸುತ್ತದೆಂಬ ಭರವಸೆಯಲ್ಲಿ ಗುಂಡಿಯನ್ನೇ ಮರೆಯುವುದು ಸಲ್ಲ. ಮರೆವಿನ ಕಾಯಿಲೆಯವರ ಮಾತು ಬೇರೆ: ಒತ್ತಬೇಕೆಂಬ ನೆನಪೇ ಇಲ್ಲದವರಿಗೆ ಗುಂಡಿಗಿಂತ, ಬಾಗಿಲು ದಾಟಿದರೆ ತಿಳಿಸುವ ಸಂವೇದಕವೋ ಜಿಪಿಎಸ್ಸೋ ಉಪಯೋಗಕ್ಕೆ ಬರುತ್ತದೆ.

ಏನನ್ನೂ ಕೊಳ್ಳದೆ ಕೈಯಲ್ಲಿರುವ ಮೊಬೈಲೇ ಸ್ವಲ್ಪ ಮಟ್ಟಿಗೆ ಈ ಕೆಲಸ ಮಾಡುತ್ತದೆ. 2017ರ ಜನವರಿ 1ರಿಂದ ಭಾರತದಲ್ಲಿ ಮಾರುವ ಫೋನುಗಳಿಗೆಲ್ಲ ಪ್ಯಾನಿಕ್ ಬಟನ್ ಕಡ್ಡಾಯ. ಕೀಲಿಮಣೆಯ ಫೋನಿನಲ್ಲಿ 5 ಅಥವಾ 9ನ್ನು ಒತ್ತಿ ಹಿಡಿಯಬೇಕು. ಸ್ಮಾರ್ಟ್‌ಫೋನಿನಲ್ಲಿ ಪವರ್ ಗುಂಡಿಯನ್ನು ಬೇಗಬೇಗ ಮೂರು ಸಲ, ಕೆಲವು ಫೋನುಗಳಲ್ಲಿ ಐದು ಸಲ ಒತ್ತಬೇಕು. ಫೋನು ಮಂಚದ ಮೇಲೆ, ಬಿದ್ದವರು ಅಡುಗೆಮನೆಯಲ್ಲಿ ಎಂದಾದರೆ ಮಾತ್ರ ಪ್ರಯೋಜನವಿಲ್ಲ.

ಅಂಗಡಿಯಲ್ಲಿ ಕೇಳಲೇಬೇಕಾದ ಪ್ರಶ್ನೆ ನೆಟ್‌ವರ್ಕಿನದು. ಅಗ್ಗದ ಸಾಧನಗಳಲ್ಲಿ ಕೆಲವು 2ಜಿಯವು. ಜಿಯೋ ಜಾಲದಲ್ಲಿ 2ಜಿ ಇಲ್ಲದ್ದರಿಂದ ಆ ಸಿಮ್ ಅವುಗಳಲ್ಲಿ ನಡೆಯದು. ವೈಫೈ ನಂಬಿದ ಸಾಧನ ಕರೆಂಟು ಹೋದೊಡನೆ ಮೂಕವಾಗುತ್ತದೆ, ರೌಟರಿಗೆ ಯುಪಿಎಸ್ ಇಲ್ಲದಿದ್ದರೆ. ಅಡಿಕೆ ತೋಟದ ನಡುವಿನ ಮಲೆನಾಡಿನ ಒಂಟಿಮನೆಯಲ್ಲಿ, ಸಿಗ್ನಲಿಗಾಗಿ ಗುಡ್ಡ ಹತ್ತುವ ಕಡೆ, ಸಿಮ್ಮಿನ ಸಾಧನಕ್ಕೆ ಹಣ ಹಾಕುವುದು ದಂಡ. ಅಲ್ಲಿ ಸ್ಥಿರ ದೂರವಾಣಿಗೆ ಜೋಡಿಸಿದ ಪೆಟ್ಟಿಗೆಯೇ ಮೇಲು. ಅದೂ ಇಲ್ಲವೆಂದಾದರೆ ಆಳುಮನೆಗೆ ಕೇಳಿಸುವಂಥ ತಂತಿರಹಿತ ಕರೆಗಂಟೆ.

ಇಷ್ಟೆಲ್ಲ ನೋಡಿ ಕೊಂಡರೂ ಕೊನೆಗೆ ಉಳಿಯುವ ಪ್ರಶ್ನೆ ಒಂದೇ: ಗುಂಡಿ ಒತ್ತಿದರೆ ಓಗೊಡುವವರು ಯಾರು? ದುಬಾರಿ ಸಾಧನಗಳೂ ಸೋಲುವುದು ಹೆಚ್ಚಾಗಿ ಇಲ್ಲಿಯೇ. ಮೊದಲ ಸಂಖ್ಯೆಯಾಗಿ ಕ್ಯಾಲಿಫೋರ್ನಿಯಾದ ಮಗನದ್ದನ್ನು ಹಾಕಿಟ್ಟ ಮನೆಗಳಿವೆ. ಮೈಸೂರಿನ ನಡುರಾತ್ರಿ ಅಲ್ಲಿ ಹಗಲು, ಅವನು ಮೀಟಿಂಗಿನಲ್ಲಿರುತ್ತಾನೆ. ಕರೆ ತೆಗೆದುಕೊಂಡರೂ ಅಲ್ಲಿಂದ 108 ಒತ್ತಿದರೆ ಕರ್ನಾಟಕದ ಆಂಬುಲೆನ್ಸಿಗೆ ಹೋಗುವುದಿಲ್ಲ. ಮೊದಲ ಸಂಖ್ಯೆ ಐದು ನಿಮಿಷದಲ್ಲಿ ಬಾಗಿಲಿಗೆ ಬರಬಲ್ಲವರದಾಗಿರಬೇಕು: ಪಕ್ಕದ ಮನೆಯವರು, ಮಹಡಿಯ ಬಾಡಿಗೆದಾರರು, ಅಪಾರ್ಟ್‌ಮೆಂಟಿನ ಸೆಕ್ಯುರಿಟಿ. ದೂರದ ಮಕ್ಕಳು ಮೂರನೆಯವರೋ ನಾಲ್ಕನೆಯವರೋ ಆಗಬೇಕು. ಅವರ ಹತ್ತಿರ ಊರಿನ ಆಸ್ಪತ್ರೆಯ, ಖಾಸಗಿ ಆಂಬುಲೆನ್ಸಿನ ಪೂರ್ಣ ಸಂಖ್ಯೆ ಇರಬೇಕು. ತಿಂಗಳ ಶುಲ್ಕ ಪಡೆದು ಹಗಲಿರುಳೂ ಕರೆ ಸ್ವೀಕರಿಸುವ ಸಂಸ್ಥೆಗಳೂ ಇವೆ. ಅಂಥಲ್ಲಿ ರಾತ್ರಿ ಎರಡು ಗಂಟೆಗೆ ಕನ್ನಡದಲ್ಲಿ ಮಾತಾಡುವವರು ಇರುತ್ತಾರೆಯೇ, ಆಂಬುಲೆನ್ಸು ಅವರದೇ ಅಥವಾ ಅವರೂ 108ಕ್ಕೇ ಫೋನ್ ಮಾಡುವವರೇ, ಶುಲ್ಕ ನಿಂತರೆ ಸಾಧನವೂ ನಿಲ್ಲುತ್ತದೆಯೇ ಎಂದು ಬರವಣಿಗೆಯಲ್ಲಿ ಪಡೆಯಬೇಕು. ನೋವಿನಲ್ಲಿರುವ ಎಂಬತ್ತರ ಅಜ್ಜಿಗೆ ಇಂಗ್ಲಿಷಿನ ಪ್ರಶ್ನೆಗಳಿಂದ ಯಾವ ಸಹಾಯವೂ ಆಗದು.

ಸರ್ಕಾರಿ ಸಂಖ್ಯೆಗಳಲ್ಲೂ ವ್ಯತ್ಯಾಸ ತಿಳಿದಿರಬೇಕು. 2008ರಿಂದ ರಾಜ್ಯದಲ್ಲಿರುವ ಆರೋಗ್ಯ ಕವಚದ 108 ಉಚಿತ ಆಂಬುಲೆನ್ಸ್ ಸೇವೆ. 112 ಪೊಲೀಸ್, ಅಗ್ನಿಶಾಮಕ, ವೈದ್ಯಕೀಯ ಮೂರಕ್ಕೂ ಒಂದೇ ಸಂಖ್ಯೆ. ಹಿರಿಯರ ಸಹಾಯವಾಣಿಗಳಾದ 14567 ಮತ್ತು ಬೆಂಗಳೂರಿನ 1090 ಪಿಂಚಣಿ, ಕಿರುಕುಳ, ಕಾನೂನಿನ ತೊಡಕುಗಳಿಗೆ ನೆರವಾಗುವಂಥವು. ನಡುರಾತ್ರಿ ಬಿದ್ದವರು ಕರೆಯಬೇಕಾದವು ಅಲ್ಲ.

ಸಾಧನ ಬಂದ ದಿನವೇ ಪರೀಕ್ಷೆ ಆಗಬೇಕು, ಆಮೇಲೆ ತಿಂಗಳಿಗೊಮ್ಮೆ. ಸೋಫಾದ ಮೇಲೆ ಕೂತು ಒತ್ತಿ ನೋಡಿದರೆ ಸಾಲದು. ಮನೆಯ ಕಿರಿಯರೊಬ್ಬರು ಬಚ್ಚಲಿನ ನೆಲದ ಮೇಲೆ ಮಲಗಿ ಬಾಗಿಲು ಹಾಕಿಕೊಂಡು ಒತ್ತಬೇಕು. ಅಲ್ಲಿಂದ ಆಡಿದ ಮಾತು ಆ ಕಡೆಯವರಿಗೆ ಕೇಳಿಸಬೇಕು. ಹಿರಿಯರೂ ಒಮ್ಮೆ ತಾವೇ ಒತ್ತಿ, ಬಂದ ದನಿಗೆ ಉತ್ತರ ಕೊಟ್ಟಿರಬೇಕು. ಸಂಕೋಚ ಅರ್ಧ ಅಲ್ಲಿಯೇ ಕಳೆಯುತ್ತದೆ. ಮುಂಬಾಗಿಲಿನ ಒಂದು ಬೀಗದ ಕೈ ಪಕ್ಕದ ಮನೆಯಲ್ಲಿರಲಿ. ಒಳಗಿನಿಂದ ಅಗುಳಿ ಹಾಕಿ ಮಲಗುವ ಮನೆಯಲ್ಲಿ ಆ ಕೀಲಿಯೂ ನಿರುಪಯೋಗಿ, ಆದ್ದರಿಂದ ಹೊರಗಿನಿಂದಲೂ ತೆರೆಯುವ ಬೀಗವೇ ಬೇಕು. ಬಚ್ಚಲಿನ ಒಳಚಿಲಕವನ್ನಂತೂ ಸಾಧನ ಮನೆಗೆ ಬರುವ ಮೊದಲೇ ತೆಗೆಸಿಬಿಡಿ. ಅದಕ್ಕೆ ಒಂದು ಸ್ಕ್ರೂಡ್ರೈವರ್ ಸಾಕು.