ಕುಟುಂಬ ಮತ್ತು ವೈದ್ಯಕೀಯ ರಜೆ (ಅಮೆರಿಕ ಸಂಯುಕ್ತ ಸಂಸ್ಥಾನ)

ಕುಟುಂಬ ಮತ್ತು ವೈದ್ಯಕೀಯ ರಜೆ ಎಂಬುದು ಮಗುವಿನ ಜನನ, ಸ್ವಂತ ಅನಾರೋಗ್ಯ ಅಥವಾ ಹತ್ತಿರದ ಬಂಧುಗಳ ಶುಶ್ರೂಷೆಯ ಕಾರಣಕ್ಕಾಗಿ ಉದ್ಯೋಗವನ್ನು ಉಳಿಸಿಕೊಂಡೇ ಪಡೆಯಬಹುದಾದ ರಜೆ. ಅಮೆರಿಕದಲ್ಲಿ ಇದಕ್ಕೆ ಮುಖ್ಯ ಆಧಾರ 1993ರ ಫೆಡರಲ್ ಕುಟುಂಬ ಮತ್ತು ವೈದ್ಯಕೀಯ ರಜೆ ಕಾಯಿದೆ (ಎಫ್‌ಎಂಎಲ್‌ಎ). ಇದು ದೇಶಕ್ಕೆಲ್ಲ ಕನಿಷ್ಠ ಮಟ್ಟವೊಂದನ್ನು ನಿಗದಿಪಡಿಸುತ್ತದೆ. ಅದಕ್ಕಿಂತ ಹೆಚ್ಚಿನ ಹಕ್ಕುಗಳನ್ನು ನೀಡುವ ಅಧಿಕಾರ ರಾಜ್ಯಗಳಿಗಿದೆ.

ಹಿನ್ನೆಲೆ

ಇಂತಹ ಮಸೂದೆಯನ್ನು ಅಧ್ಯಕ್ಷ ಜಾರ್ಜ್ ಎಚ್. ಡಬ್ಲ್ಯೂ. ಬುಷ್ 1990 ಮತ್ತು 1992ರಲ್ಲಿ ತಡೆಹಿಡಿದಿದ್ದರು. ಬಿಲ್ ಕ್ಲಿಂಟನ್ ಅಧಿಕಾರ ವಹಿಸಿಕೊಂಡ ಕೆಲವೇ ದಿನಗಳಲ್ಲಿ, 1993ರ ಫೆಬ್ರವರಿ 5ರಂದು, ಅದಕ್ಕೆ ಸಹಿ ಹಾಕಿದರು. ಕಾಯಿದೆಯು ಅದೇ ವರ್ಷದ ಆಗಸ್ಟ್ 5ರಿಂದ ಜಾರಿಗೆ ಬಂದಿತು.

ಅರ್ಹತೆ

50 ಅಥವಾ ಹೆಚ್ಚು ನೌಕರರಿರುವ ಖಾಸಗಿ ಸಂಸ್ಥೆಗಳು ಕಾಯಿದೆಯ ವ್ಯಾಪ್ತಿಗೆ ಬರುತ್ತವೆ. ಸರ್ಕಾರಿ ಸಂಸ್ಥೆಗಳು ಮತ್ತು ಶಾಲೆಗಳಿಗೆ ಈ ಸಂಖ್ಯಾಮಿತಿಯಿಲ್ಲ. ಉದ್ಯೋಗಿಯು ಆ ಸಂಸ್ಥೆಯಲ್ಲಿ ಕನಿಷ್ಠ 12 ತಿಂಗಳು ದುಡಿದಿರಬೇಕು; ಹಿಂದಿನ 12 ತಿಂಗಳಲ್ಲಿ ಕನಿಷ್ಠ 1,250 ಗಂಟೆ ಕೆಲಸ ಮಾಡಿರಬೇಕು; ಕೆಲಸದ ಸ್ಥಳದಿಂದ 75 ಮೈಲಿಗಳ ಒಳಗೆ ಆ ಸಂಸ್ಥೆಯ 50 ನೌಕರರಿರಬೇಕು.

ರಜೆ ಮತ್ತು ರಕ್ಷಣೆ

ಅರ್ಹ ಉದ್ಯೋಗಿಗೆ 12 ತಿಂಗಳ ಅವಧಿಯಲ್ಲಿ 12 ವಾರಗಳ ವೇತನರಹಿತ ರಜೆ ದೊರೆಯುತ್ತದೆ. ಮಗುವಿನ ಜನನ, ದತ್ತು ಸ್ವೀಕಾರ, ಸಂಗಾತಿ, ಮಗು, ತಂದೆ ಅಥವಾ ತಾಯಿಯ ಗಂಭೀರ ಕಾಯಿಲೆ, ಉದ್ಯೋಗಿಯ ಸ್ವಂತ ಗಂಭೀರ ಕಾಯಿಲೆ ಇವು ಮುಖ್ಯ ಕಾರಣಗಳು. ಗಾಯಗೊಂಡ ಸೈನಿಕರ ಆರೈಕೆಗೆ ಈ ಮಿತಿ 26 ವಾರ. ವೈದ್ಯಕೀಯ ಅಗತ್ಯವಿದ್ದಲ್ಲಿ ರಜೆಯನ್ನು ಬಿಡಿಬಿಡಿಯಾಗಿಯೂ ಪಡೆಯಬಹುದು.

ರಜೆಯ ಅವಧಿಯಲ್ಲಿ ಸಂಸ್ಥೆಯ ಆರೋಗ್ಯ ವಿಮೆ ಮೊದಲಿನ ಷರತ್ತುಗಳಲ್ಲೇ ಮುಂದುವರಿಯುತ್ತದೆ. ಹಿಂದಿರುಗಿದಾಗ ಅದೇ ಹುದ್ದೆ ಅಥವಾ ವೇತನ ಮತ್ತು ಸೌಲಭ್ಯಗಳಲ್ಲಿ ಸಮಾನವಾದ ಹುದ್ದೆಯನ್ನು ನೀಡಬೇಕು. ಮುಂಚಿತವಾಗಿ ತಿಳಿದಿರುವ ರಜೆಗೆ 30 ದಿನಗಳ ಮೊದಲೇ ಸೂಚನೆ ಕೊಡಬೇಕು. ಸಂಸ್ಥೆಯು ವೈದ್ಯರ ಪ್ರಮಾಣಪತ್ರವನ್ನು ಕೇಳಬಹುದು.

ಕುಟುಂಬದ ವ್ಯಾಖ್ಯಾನ

ಫೆಡರಲ್ ಕಾನೂನಿನಲ್ಲಿ ಕುಟುಂಬದ ಅರ್ಥ ಕಿರಿದು. ಅತ್ತೆ–ಮಾವ, ಒಡಹುಟ್ಟಿದವರು ಮತ್ತು ಅಜ್ಜ–ಅಜ್ಜಿಯರ ಆರೈಕೆಗೆ ಸಾಮಾನ್ಯವಾಗಿ ಈ ರಜೆ ಸಿಗುವುದಿಲ್ಲ. ಆದರೆ ಬಾಲ್ಯದಲ್ಲಿ ತಂದೆ–ತಾಯಿಯ ಸ್ಥಾನದಲ್ಲಿ ನಿಂತು ಸಾಕಿದವರನ್ನು ಕಾನೂನು ಪೋಷಕರೆಂದೇ ಪರಿಗಣಿಸುತ್ತದೆ. ಹೀಗಾಗಿ ಅಜ್ಜಿಯ ಮನೆಯಲ್ಲಿ ಬೆಳೆದವರು ಆಕೆಯ ಶುಶ್ರೂಷೆಗೆ ರಜೆ ಕೋರಬಹುದು. ಪೋಷಕರು ಬೇರೆ ದೇಶದಲ್ಲಿ ವಾಸಿಸುತ್ತಿದ್ದರೂ ಹಕ್ಕು ಇಲ್ಲವಾಗುವುದಿಲ್ಲ. ಅಲ್ಲಿನ ವೈದ್ಯರ ಪ್ರಮಾಣಪತ್ರವನ್ನು ಸಂಸ್ಥೆ ಒಪ್ಪಬೇಕು. ಅದು ಇಂಗ್ಲಿಷಿನಲ್ಲಿಲ್ಲದಿದ್ದರೆ, ಕೇಳಿದಾಗ ಅನುವಾದವನ್ನು ಒದಗಿಸಬೇಕಾಗುತ್ತದೆ. ಕರ್ನಾಟಕದಲ್ಲಿ ತಂದೆ–ತಾಯಿಯರನ್ನು ಬಿಟ್ಟು ಅಮೆರಿಕದಲ್ಲಿ ದುಡಿಯುವವರಿಗೂ ಈ ನಿಯಮ ಅನ್ವಯಿಸುತ್ತದೆ.

ರಾಜ್ಯ ಕಾನೂನುಗಳು

ಕ್ಯಾಲಿಫೋರ್ನಿಯಾ ಕುಟುಂಬ ಹಕ್ಕುಗಳ ಕಾಯಿದೆಯು 2021ರಿಂದ ಐದು ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳಿಗೆ ಅನ್ವಯಿಸುತ್ತಿದೆ. ಅದರಲ್ಲಿ ಒಡಹುಟ್ಟಿದವರು, ಅಜ್ಜ–ಅಜ್ಜಿ, ಮೊಮ್ಮಕ್ಕಳು ಮತ್ತು ಅತ್ತೆ–ಮಾವಂದಿರೂ ಸೇರಿದ್ದಾರೆ. ವೇತನಸಹಿತ ಕುಟುಂಬ ರಜೆಯನ್ನು ಮೊದಲು ಜಾರಿಗೆ ತಂದ ರಾಜ್ಯವೂ ಕ್ಯಾಲಿಫೋರ್ನಿಯಾವೇ (2004). ನಂತರ ನ್ಯೂಜೆರ್ಸಿ, ರೋಡ್ ಐಲೆಂಡ್, ನ್ಯೂಯಾರ್ಕ್, ವಾಷಿಂಗ್ಟನ್ ಮೊದಲಾದ ರಾಜ್ಯಗಳು ಈ ಮಾರ್ಗವನ್ನು ಅನುಸರಿಸಿದವು. ಕ್ಯಾಲಿಫೋರ್ನಿಯಾದ ಯೋಜನೆಗೆ ಹಣ ಬರುವುದು ನೌಕರರ ವೇತನದ ಕಡಿತದಿಂದ. ಅದು ಆದಾಯದ ಒಂದು ಭಾಗವನ್ನು ತುಂಬಿಕೊಡುತ್ತದೆಯೇ ಹೊರತು ಹುದ್ದೆಗೆ ತಾನಾಗಿ ರಕ್ಷಣೆ ನೀಡುವುದಿಲ್ಲ. ರಕ್ಷಣೆಯನ್ನು ಮೇಲಿನ ಕಾಯಿದೆಗಳಿಂದಲೇ ಪಡೆಯಬೇಕು.

ಎರಡೂ ಕಾನೂನುಗಳು ಅನ್ವಯಿಸಿದಾಗ

ಕಾರಣವು ಎರಡೂ ಕಾನೂನುಗಳಿಗೆ ಒಪ್ಪುವಂತಿದ್ದರೆ ರಜೆಗಳು ಸಾಮಾನ್ಯವಾಗಿ ಏಕಕಾಲದಲ್ಲಿ ವ್ಯಯವಾಗುತ್ತವೆ. 12 ವಾರ 24 ವಾರವಾಗುವುದಿಲ್ಲ. ಒಂದಕ್ಕೆ ಮಾತ್ರ ಒಪ್ಪಿದರೆ ಇನ್ನೊಂದು ಹಾಗೆಯೇ ಉಳಿಯುತ್ತದೆ. ಉದಾಹರಣೆಗೆ, ಎರಡಕ್ಕೂ ಅರ್ಹರಾದ ಕ್ಯಾಲಿಫೋರ್ನಿಯಾದ ಉದ್ಯೋಗಿಯೊಬ್ಬರು ತಂಗಿಯ ಶುಶ್ರೂಷೆಗೆ 12 ವಾರ ತೆಗೆದುಕೊಂಡರೆ ರಾಜ್ಯದ ರಜೆ ಮಾತ್ರ ಮುಗಿಯುತ್ತದೆ. ಅದೇ ಅವಧಿಯಲ್ಲಿ ತಾಯಿ ಗಂಭೀರವಾಗಿ ಕಾಯಿಲೆ ಬಿದ್ದರೆ ಫೆಡರಲ್ ಕಾನೂನಿನ 12 ವಾರಗಳು ಇನ್ನೂ ಲಭ್ಯವಿರುತ್ತವೆ.

ಜಾರಿ ಮತ್ತು ಮಿತಿಗಳು

ಕಾರ್ಮಿಕ ಇಲಾಖೆಯ ವೇತನ ಮತ್ತು ಕೆಲಸದ ಅವಧಿ ವಿಭಾಗವು ದೂರುಗಳನ್ನು ಪರಿಶೀಲಿಸುತ್ತದೆ. ನೌಕರರು ಉಲ್ಲಂಘನೆಯಾದ ಎರಡು ವರ್ಷಗಳೊಳಗೆ, ಉದ್ದೇಶಪೂರ್ವಕವಾಗಿದ್ದರೆ ಮೂರು ವರ್ಷಗಳೊಳಗೆ, ನ್ಯಾಯಾಲಯಕ್ಕೂ ಹೋಗಬಹುದು. ಫೆಡರಲ್ ರಜೆ ವೇತನರಹಿತವಾಗಿರುವುದರಿಂದ ಅರ್ಹತೆಯಿದ್ದರೂ ಅದನ್ನು ಬಳಸುವ ಶಕ್ತಿ ಕಡಿಮೆ ವೇತನದ ನೌಕರರಿಗೆ ಇರುವುದಿಲ್ಲವೆಂಬುದು ಮುಖ್ಯ ಟೀಕೆ. ಹೋಲಿಕೆಗೆ, ಭಾರತದ ಹೆರಿಗೆ ಸೌಲಭ್ಯ ಕಾಯಿದೆಯು 2017ರ ತಿದ್ದುಪಡಿಯ ನಂತರ ಮೊದಲ ಎರಡು ಮಕ್ಕಳಿಗೆ 26 ವಾರಗಳ ವೇತನಸಹಿತ ರಜೆಯನ್ನು ನೀಡಿತು. ಆದರೆ ವೃದ್ಧ ಪೋಷಕರ ಆರೈಕೆ ಅದರ ವ್ಯಾಪ್ತಿಯಲ್ಲಿರಲಿಲ್ಲ.