ರಸ್ತೆ ಬದಿಯ ಮನೆಗೆ ಗಾಳಿ ಯಾವ ಕಡೆಯಿಂದ?

ಬೆಂಗಳೂರಿನ ಹೊರ ವರ್ತುಲ ರಸ್ತೆಯ ಇಕ್ಕೆಲಗಳಲ್ಲೂ ಬಹುಮಹಡಿ ವಸತಿ ಕಟ್ಟಡಗಳು ಎದ್ದು ನಿಂತಿವೆ. ರಸ್ತೆಗೆ ಮುಖ ಮಾಡಿದ ಮನೆಯವರಿಗೆ ಕಿಟಕಿಯೇ ಒಂದು ಸಮಸ್ಯೆ. ತೆರೆದರೆ ಹೊಗೆ, ಧೂಳು, ಮುಚ್ಚಿದರೆ ಸೆಕೆ. ಹಾಗಾದರೆ ಇಂತಹ ಮನೆಗಳಿಗೆ ಗಾಳಿ ಬರಬೇಕಾದುದು ಹೇಗೆ?

ಮೊದಲು ನಿಯಮವನ್ನು ನೋಡೋಣ. ಸ್ಥಳೀಯ ಸಂಸ್ಥೆಗಳು ಕಟ್ಟಡ ಉಪವಿಧಿಗಳನ್ನು ರೂಪಿಸಲು ಆಧಾರವಾಗಿರುವುದು ರಾಷ್ಟ್ರೀಯ ಕಟ್ಟಡ ಸಂಹಿತೆ. ಇದರ 2016ರ ಆವೃತ್ತಿಯಂತೆ, ವಾಸದ ಕೋಣೆಯ ಕಿಟಕಿಗಳ ಒಟ್ಟು ವಿಸ್ತೀರ್ಣವು ಒಣ ಬಿಸಿ ಹವೆಯ ಪ್ರದೇಶದಲ್ಲಿ ನೆಲದ ವಿಸ್ತೀರ್ಣದ ಹತ್ತರಲ್ಲಿ ಒಂದು ಪಾಲು, ತೇವಭರಿತ ಬಿಸಿ ಹವೆಯಲ್ಲಿ ಆರರಲ್ಲಿ ಒಂದು ಪಾಲು, ಇವೆರಡರ ನಡುವಣ ಹವೆಯಲ್ಲಿ ಎಂಟರಲ್ಲಿ ಒಂದು ಪಾಲು ಇರಬೇಕು. ಉದಾಹರಣೆಗೆ, 12 ಅಡಿ ಉದ್ದ, 10 ಅಡಿ ಅಗಲದ ಕೋಣೆಯ ನೆಲ 120 ಚದರ ಅಡಿ. ಅದರ ಎಂಟರಲ್ಲಿ ಒಂದು ಪಾಲು 15 ಚದರ ಅಡಿ. ಅಂದರೆ 5 ಅಡಿಗೆ 3 ಅಡಿಯ ಕಿಟಕಿ. ಆದರೆ ಎರಡು ಗಾಜುಗಳ ಸ್ಲೈಡಿಂಗ್ ಕಿಟಕಿಯಾದರೆ ಒಮ್ಮೆಗೆ ತೆರೆಯುವುದು ಅರ್ಧ ಮಾತ್ರ. ನಕ್ಷೆಯಲ್ಲಿ 15 ಇದ್ದರೂ ಗಾಳಿಗೆ ಸಿಗುವುದು ಏಳೂವರೆ ಚದರ ಅಡಿ!

ಇನ್ನೊಂದು ಮಾತು. ಈ ಅಳತೆ ಗಾಳಿಗೆ ಎಷ್ಟು ದಾರಿ ಇರಬೇಕೆಂದು ಹೇಳುತ್ತದೆಯೇ ಹೊರತು ಆ ಗಾಳಿ ಎಂತಹುದೆಂದು ಹೇಳುವುದಿಲ್ಲ. ವಾಹನಗಳ ಹೊಗೆಯಲ್ಲಿ 2.5 ಮೈಕ್ರೋಮೀಟರಿಗಿಂತ ಸಣ್ಣ ಕಣಗಳಿರುತ್ತವೆ. ಇವು ತಲೆಗೂದಲಿನ ದಪ್ಪದ ಇಪ್ಪತ್ತರಲ್ಲಿ ಒಂದು ಪಾಲಿನಷ್ಟೂ ಇಲ್ಲದ ಕಾರಣ ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ಒಂದು ಘನ ಮೀಟರ್ ಗಾಳಿಯಲ್ಲಿ ಇವುಗಳ ವಾರ್ಷಿಕ ಸರಾಸರಿ 40 ಮೈಕ್ರೋಗ್ರಾಂ ಮೀರಬಾರದೆಂದು ಭಾರತವು 2009ರಲ್ಲಿ ನಿಗದಿಪಡಿಸಿತು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸೂಚಿಸಿದ ಮಿತಿ ಕೇವಲ 5. ಬೆಳೆಯುವ ಮಕ್ಕಳಿಗೆ ಮತ್ತು ಉಬ್ಬಸ ಇರುವವರಿಗೆ ಇದರ ಹಾನಿ ಹೆಚ್ಚು.

ಹಾಗೆಂದು ಸದಾ ಕಿಟಕಿ ಮುಚ್ಚಿಡುವುದು ಪರಿಹಾರವಲ್ಲ. ನಾವು ಬಿಡುವ ಉಸಿರಿನ ಇಂಗಾಲದ ಡೈಆಕ್ಸೈಡ್, ಅಡುಗೆಯ ಹಬೆ, ಗ್ಯಾಸ್ ಒಲೆಯಿಂದ ಬರುವ ನೈಟ್ರೋಜನ್ ಡೈಆಕ್ಸೈಡ್ ಎಲ್ಲವೂ ಒಳಗೇ ಉಳಿಯುತ್ತವೆ. ಸಾಮಾನ್ಯ ಸ್ಪ್ಲಿಟ್ ಏಸಿ ಹೊಸ ಗಾಳಿ ತರುವುದಿಲ್ಲ; ಒಳಗಿನ ಗಾಳಿಯನ್ನೇ ತಂಪು ಮಾಡುತ್ತದೆ. ಗಾಳಿ ಶುದ್ಧೀಕರಿಸುವ ಯಂತ್ರವು ಕಣಗಳನ್ನು ಹಿಡಿಯಬಲ್ಲುದು, ಆದರೆ ಇಂಗಾಲದ ಡೈಆಕ್ಸೈಡನ್ನು ತೆಗೆಯದು.

ಪರಿಹಾರ ಕಟ್ಟಡದ ವಿನ್ಯಾಸದಲ್ಲಿದೆ. ಹೊಗೆ ರಸ್ತೆಯಂಚಿನಲ್ಲಿ ದಟ್ಟವಾಗಿದ್ದು, ದೂರ ಹೋದಂತೆ ತಿಳಿಯಾಗುತ್ತದೆ. ಆದ್ದರಿಂದ ಮಲಗುವ ಕೋಣೆಗಳನ್ನು ಹಿಂಬದಿಗೆ, ಮೆಟ್ಟಿಲು ಮತ್ತು ಸ್ನಾನದ ಮನೆಗಳನ್ನು ರಸ್ತೆಯ ಕಡೆಗೆ ಇಡುವುದು ಮೇಲು. ಯಂತ್ರದ ಮೂಲಕ ಗಾಳಿ ತರುವುದಾದರೆ, ಅದನ್ನು ರಸ್ತೆಯಿಂದಲೂ ವಾಹನ ನಿಲುಗಡೆಯಿಂದಲೂ ದೂರವಾದ ಕಡೆಯಿಂದ ಎಳೆದು ಸೋಸಿ ಒಳಬಿಡಬೇಕು.

ಈಗಾಗಲೇ ಕಟ್ಟಿರುವ ಮನೆಗಳಲ್ಲೂ ಒಂದು ಉಪಾಯವುಂಟು. ಅಡುಗೆಮನೆಯ ಎಗ್ಸಾಸ್ಟ್ ಫ್ಯಾನ್ ಹೊರದೂಡಿದಷ್ಟೇ ಗಾಳಿ ಬೇರೆ ದಾರಿಯಿಂದ ಒಳಬರಲೇಬೇಕು. ರಸ್ತೆಯ ಕಡೆಯ ಕಿಟಕಿ ತೆರೆದಿದ್ದರೆ ಫ್ಯಾನ್ ಹೊಗೆಯನ್ನೇ ಒಳಗೆಳೆಯುತ್ತದೆ; ಅದನ್ನು ಮುಚ್ಚಿ ಹಿಂಬದಿಯದನ್ನು ತೆರೆದರೆ ಸ್ವಲ್ಪವಾದರೂ ಶುಭ್ರವಾದ ಗಾಳಿ ಬರುತ್ತದೆ.

ವಿದ್ಯಾರ್ಥಿಗಳೇ, ನಿಮ್ಮ ಕೋಣೆಯ ನೆಲವನ್ನೂ ಕಿಟಕಿಯನ್ನೂ ಒಮ್ಮೆ ಅಳೆದು ನೋಡಿ. ನಿಜವಾಗಿ ತೆರೆಯುವ ಭಾಗವೆಷ್ಟು, ಅದು ಯಾವ ದಿಕ್ಕಿಗಿದೆ ಎಂಬುದನ್ನು ಬರೆದುಕೊಳ್ಳಿ. ಕಿಟಕಿಯ ಅಳತೆಯಷ್ಟೇ ಅದರ ದಿಕ್ಕೂ ಮುಖ್ಯವೆಂಬುದು ಆಗ ನಿಮಗೇ ತಿಳಿಯುತ್ತದೆ.